ಬಸ್ಸು ಬರುವವರೆಗೆ

ಬಸ್ಸು ಇನ್ನೂ ಅರ್ಧ ಗಂಟೆ ತಡ ಅಂದರೆ ಒಂದು ಸಾವು ಮುಗಿಸಿಬಿಡಬಹುದು ಎಂದು ಕಲ್ಯಾಣಕುಮಾರನಿಗೆ ಅನ್ನಿಸಿತು.

ಆಳಂದದ ಬಸ್ಸಿನ ಡ್ರೈವರ್ ಊಟಕ್ಕೆ ಹೋಗಿದ್ದ. ಪರೀಕ್ಷೆಯ ಕೆಲಸಕ್ಕೆಂದು ಅಫಜಲಪುರಕ್ಕೆ ಬಂದಿದ್ದ ಕಲ್ಯಾಣಕುಮಾರ ನಿಲ್ದಾಣದ ಬೆಂಚಿನ ಮೇಲೆ ಕೂತು ಕತ್ತನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ವ್ಯಾಯಾಮವನ್ನೂ ಮಾಡಿ ಮುಗಿಸಿದ್ದ. ಅವನ ಸಹೋದ್ಯೋಗಿ ಮಾಳಿಂಗ ಇದೇ ಊರಿನವನು. ಮಾಳಿಂಗನ ತಂದೆ ಹೋದ ವಾರ ತೀರಿಕೊಂಡಿದ್ದರು. ಹೋಗಿ ಮಾತಾಡಿಸುವುದು ಬಾಕಿ ಉಳಿದಿತ್ತು.

ಆಳಂದದ ಕಾಲೇಜಿನಲ್ಲಿ ಅವನು ಅರ್ಥಶಾಸ್ತ್ರದ ಉಪನ್ಯಾಸಕ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ‘ಬಿಡಿವೇಳೆಯ ಸದುಪಯೋಗ’ ಎಂದು ಒಂದು ಭಾಷಣ ಮಾಡುತ್ತಿದ್ದ. ಆಯುಷ್ಯ ಸೋರುವುದು ನಡುವಿನ ಸಂದುಗಳಲ್ಲಿ, ಎನ್ನುತ್ತಿದ್ದ. ಬರೀ ಹೇಳುವವನಲ್ಲ. ಹಾಲು ಉಕ್ಕುವಷ್ಟರಲ್ಲಿ ಮರಾಠಿ ಶಬ್ದಗಳನ್ನು ಬಾಯಿಪಾಠ ಮಾಡುತ್ತಿದ್ದ. ಈಗಾಗಲೇ ಸಾವಿರಾರು ಶಬ್ದ ಬರುತ್ತಿದ್ದವು. ಯಾರೊಡನೆಯೂ ಮರಾಠಿಯಲ್ಲಿ ಮಾತಾಡಿರಲಿಲ್ಲ. ಅದಕ್ಕೆ ವೇಳೆ ಸಿಕ್ಕಿರಲಿಲ್ಲ.

ಮಾಳಿಂಗನ ಮನೆಯತ್ತ ನಡೆಯುತ್ತಲೇ ಹೆಂಡತಿಗೆ ಫೋನ್ ಮಾಡಿದ.

“ಏನೋ ಮಾತಾಡೂದದ ಅಂದಿದ್ದಿ. ಈಗ ನಡಕೋತ ಹೊಂಟೇನಿ, ಹೇಳು.”

“ನಡಕೋತ ಹೇಳೂ ಮಾತಲ್ರಿ ಅದು,” ಎಂದಳು ಜಯಮಾಲಾ.

“ನಡ್ಯಾಕತ್ತಾಂವ ನಾನು. ನೀ ಕುಂತ ಹೇಳು.”

ಆಚೆ ಕುಕ್ಕರ್ ಒಮ್ಮೆ ಕೂಗಿತು.

“ನಾ ಸಂಜಿ ಬಸ್ಸಿಗೆ ನಿಂಬರ್ಗಾಕ ಹೋಗ್ತೇನಿ. ಅದರೊಳಗ ಬಂದ್ರ ಕುಂತ ಮಾತಾಡೂಣು. ಇಲ್ಲಂದ್ರ ಇಲ್ಲ.”

ನಿಂಬರ್ಗಾ ಅವಳ ತವರು. “ಎಷ್ಟ ದಿನಕ್ಕ?” ಎಂದು ಕೇಳಿದ.

“ಅದ ಮಾತು.”

“ಬರ್ತೇನಿ. ಬಸ್ಸು ಬಿಡೂದ ತಡ,” ಎಂದು ಫೋನ್ ಇಟ್ಟ. ಓಣಿ ಬಂದಿತ್ತು.

ನೀರಿನ ಟಾಕಿಯ ಹಿಂದೆ, ನೀಲಿ ಗೇಟು ಎಂದು ಮಾಳಿಂಗ ಯಾವಾಗಲೋ ಹೇಳಿದ್ದ. ಟಾಕಿ ಇತ್ತು, ನೀಲಿ ಗೇಟು ಇತ್ತು, ಮುಂದೆ ಶಾಮಿಯಾನವೂ ಇತ್ತು. ಕಲ್ಯಾಣಕುಮಾರ ಮುಖವನ್ನು ಸಾವಿಗೆ ಹೊಂದಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ನಡೆದ.

ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣದ ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ತಲೆ ಬೀಳದಂತೆ ಬಟ್ಟೆಯಿಂದ ಕಟ್ಟಿದ್ದರು. ಹೋದ ವಾರ ತೀರಿಕೊಂಡವರು ಇವತ್ತು ಹೀಗೆ ಕೂತಿರಲು ಸಾಧ್ಯವಿಲ್ಲ ಎಂಬ ವಿಚಾರ ಅವನಿಗೆ ಸ್ಪಷ್ಟವಾಗಿಯೇ ಬಂತು. ಆದರೆ ಒಂದು ಕ್ಷಣ ತಡವಾಗಿ ಬಂತು. ಅಷ್ಟರಲ್ಲಿ ಒಬ್ಬ ನಡುವಯಸ್ಸಿನವನು ಅವನ ಎರಡೂ ಕೈ ಹಿಡಿದುಕೊಂಡಿದ್ದ.

“ಬರ್ರಿ ಸರ್. ನಾ ದಶರಥ, ಸೈದಪ್ಪ ಕಾಕಾನ ಅಣ್ಣನ ಮಗ. ಆಳಂದದಿಂದ ಬಂದ್ರಿ ಅಲ್ಲ?”

“ಹೌದು, ಆಳಂದದವನೇ,” ಎಂದ ಕಲ್ಯಾಣಕುಮಾರ.

“ಕಾಲೇಜ್ ಸರ್ ಅಲ್ಲೇನ್ರಿ?”

“ಹೌದ್ರಿ. ಆದರ...”

“ನಿಮ್ಮ ಸಲುವಾಗೇ ತಡದೇವ್ರಿ ಹೆಣ.” ದಶರಥ ಒಳಕ್ಕೆ ಕೂಗಿದ. “ಕಾಕೀ, ಆಳಂದದ ಸರ್ ಬಂದ್ರು.”

ಹೆಂಗಸರು ಸರಿದು ಜಾಗ ಮಾಡಿದರು. ಯಾರೋ ಚಹಾ ಕೊಟ್ಟರು. ಮನೆ ತಪ್ಪಿ ಬಂದೆನೆಂದು ತಿಳಿಸುವುದಕ್ಕೆ ಬೇಕಾಗುವ ವೇಳೆಯನ್ನು ಕಲ್ಯಾಣಕುಮಾರ ಲೆಕ್ಕ ಹಾಕಿದ. ಕ್ಷಮೆ, ವಿವರಣೆ, ಅವರ ಗೊಂದಲ, ಮತ್ತೆ ಕ್ಷಮೆ. ಅದಕ್ಕಿಂತ ಚಹಾ ಕುಡಿದು ಎದ್ದುಹೋಗುವುದೇ ಬೇಗ ಆಗುತ್ತಿತ್ತು. ಅಲ್ಲದೆ ಅವನು ಇನ್ನೂ ಒಂದೂ ಸುಳ್ಳು ಹೇಳಿರಲಿಲ್ಲ.

ತೀರಿಕೊಂಡ ಸೈದಪ್ಪನ ಹೆಂಡತಿ ಗೌರಾಬಾಯಿ ಎದುರಿಗೇ ಬಂದು ಕೂತಳು. ಅತ್ತು ಬತ್ತಿದ ಕಣ್ಣು. ಅವನನ್ನು ಬಹಳ ಹೊತ್ತು ನೋಡಿದಳು.

“ನೀವೇನ್ರಿ, ದಿನಾ ಅವರ ಸಂಗಟ ಫೋನಿನ್ಯಾಗ ಮಾತಾಡ್ತಿದ್ದವರು?”

ಕಲ್ಯಾಣಕುಮಾರ ಚಹಾವನ್ನು ಬಸಿಗೆ ಸುರಿದುಕೊಂಡು ಊದಿದ.

“ತಾಸುಗಟ್ಟಲೆ ಮಾತಾಡೂರು. ಅಂಗಳದಾಗ ನಿಂತು, ನಕ್ಕೋತ. ಒಳಗ ಬಂದ್ರ ಬಾಯಿ ಬಿಡ್ತಿದ್ದಿಲ್ಲ. ನಾ ಯಾರು ಅಂತ ಕೇಳಿದ್ರ ಆಳಂದದ ಸರ್ ಅನ್ನೂರು. ಏನ್ ಮಾತಾಡ್ತಿದ್ರಿ ಅಷ್ಟೊತ್ತ?”

“ಹಿಂಗ... ಏನರ.”

“ಏನರ ಅಂದ್ರ?”

ತಾಸುಗಟ್ಟಲೆ ಒಬ್ಬ ಮನುಷ್ಯ ಇನ್ನೊಬ್ಬನೊಡನೆ ಏನು ಮಾತಾಡಬಹುದು ಎಂದು ಅವನು ನಿಜಕ್ಕೂ ಯೋಚಿಸಿದ. ಏನೂ ಹೊಳೆಯಲಿಲ್ಲ.

“ನಿಮ್ಮ ಬಗ್ಗೆನೇ ಹೇಳೂರ್ರಿ,” ಎಂದ.

ಗೌರಾಬಾಯಿಯ ಮುಖದಲ್ಲಿ ಏನೋ ಅಲುಗಿತು. “ನನ್ನ ಬಗ್ಗೆ? ಏನಂತಿದ್ರು?”

“ರೊಟ್ಟಿ ಭಾಳ ಛಲೋ ಬಡೀತೀರಿ ಅಂತ.”

ಅವಳು ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡಳು. ಬೆರಳುಗಳು ಗೆಣ್ಣಿನಲ್ಲಿ ಸೊಟ್ಟಗಾಗಿದ್ದವು.

“ಕೈಬ್ಯಾನಿ ಹತ್ತಿ ನಾ ರೊಟ್ಟಿ ಬಡಿಯೂದ ಬಿಟ್ಟ ಎಷ್ಟೋ ವರ್ಷ ಆತ್ರಿ ಸರ್. ಅವರೇ ಬಡೀತಿದ್ರು. ಮಂದಿಗಿ ಹೇಳಬ್ಯಾಡ ಅಂತಿದ್ರು.” ತಲೆ ಎತ್ತಿ ಕೇಳಿದಳು, “ತಾವ್ ಬಡದ ರೊಟ್ಟಿ ನನ್ನ ಹೆಸರ್ಲೆ ಹೇಳ್ಯಾರೇನು?”

ಹೌದೆಂದು ತಲೆಯಾಡಿಸಿದ. ಅವಳು ಗಟ್ಟಿಯಾಗಿ ಅಳತೊಡಗಿದಳು. ಬೆಳಗಿನಿಂದ ಇಂಥ ಅಳು ಬಂದಿರಲಿಲ್ಲ ಎಂಬುದು ಸುತ್ತಲಿನವರ ಮುಖದಿಂದಲೇ ಗೊತ್ತಾಗುತ್ತಿತ್ತು. ಕಲ್ಯಾಣಕುಮಾರನಿಗೆ ಅವಳ ಮೇಲೆ ಒಂದು ಬಗೆಯ ಹೊಟ್ಟೆಕಿಚ್ಚಾಯಿತು. ಯಾಕೆಂದು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಎದ್ದ.

“ಬಸ್ಸದ ನಂದು,” ಎಂದು ದಶರಥನಿಗೆ ಪಿಸುಗುಟ್ಟಿದ.

“ಬಿಡ್ತೇನಿ ನಡ್ರಿ. ಕಾಕಾನ್ನ ಹುಗಿಯೂ ಕುಣಿ ತೆಗ್ಯಾಕತ್ತಿದ್ದು ನಮ್ಮ ಹೊಲದಾಗ, ಆಳಂದ ರಸ್ತೆಗೇ ಹತ್ತೇದ. ಅಲ್ಲೇ ಕೈ ಮಾಡಿದ್ರ ಬಸ್ಸು ನಿಂದರ್ತದ.”

ಇದು ಸದುಪಯೋಗವೇ ಆಗಿತ್ತು. ಕಲ್ಯಾಣಕುಮಾರ ಬೈಕಿನ ಹಿಂದೆ ಕೂತ.

ಹೊಲದಲ್ಲಿ ತೊಗರಿ ಕೊಯ್ದಾಗಿತ್ತು. ಕೂಳೆಗಳ ನಡುವೆ ಒಂದು ಜೆಸಿಬಿ ನಿಂತಿತ್ತು. ಕರಿಮಣ್ಣಿನ ಕೆಳಗೆ ಕಲ್ಲು ಹತ್ತಿದ್ದರಿಂದ ಸಲಿಕೆಯವರು ಕೈಬಿಟ್ಟು ಯಂತ್ರ ಕರೆಸಿದ್ದರು. ಅದನ್ನು ನಡೆಸುವ ಗುಡುಸಾಬ ಕುಣಿಯ ಅಂಚಿನಲ್ಲಿ ಬೀಡಿ ಹಚ್ಚಿ ನಿಂತಿದ್ದ.

“ಲಗೂ ನೋಡ್ರಿ ಮಾಲಕ,” ಎಂದ ದಶರಥನಿಗೆ. “ಅಲ್ಲಿ ಬಾವಿ ಕೆಲಸ ನಿಂದರಿಸಿ, ನಡುವ ಸಂದು ಸಿಕ್ಕದ ಅಂತ ಬಂದೇನಿ.”

ಈ ಮಾತು ಕೇಳಿ ಕಲ್ಯಾಣಕುಮಾರನಿಗೆ ಗುಡುಸಾಬನ ಮೇಲೆ ಗೌರವ ಮೂಡಿತು.

ದಶರಥ ಕುಣಿಯೊಳಗೆ ಇಣುಕಿದ. “ಗೂಡು ಸಣ್ಣದಾತೇನೋ. ಕಾಕಾ ಉದ್ದ ಆಳು. ಕುಂದ್ರಿಸಿದ್ರ ತಲಿ ಹತ್ತತದ.”

“ಒಬ್ಬರು ಕುಂತು ತೋರಸ್ರಿ. ಹತ್ತಿದ್ರ ಕೆತ್ತತೇನಿ,” ಎಂದ ಗುಡುಸಾಬ.

ಸಲಿಕೆ ಹಿಡಿದವರು ರಸ್ತೆ ನೋಡಿದರು. ದಶರಥ ಕಲ್ಯಾಣಕುಮಾರನನ್ನು ತಲೆಯಿಂದ ಕಾಲಿನವರೆಗೆ ಅಳೆದ.

“ಸರ್, ನೀವು ಕಾಕಾನಷ್ಟೇ ಅದೀರಿ. ಮನಿಯವರು ಇಳೀಬಾರದ್ರಿ. ನೀವು ಓದಿದವರು, ನಿಮಗೇನು ಇಂಥಾದ್ದು ನಡೀತದ.”

ಮೂಢನಂಬಿಕೆಯ ಬಗ್ಗೆಯೂ ಕಲ್ಯಾಣಕುಮಾರ ಒಂದು ಭಾಷಣ ಮಾಡುತ್ತಿದ್ದ. ರಸ್ತೆಯಲ್ಲಿ ಬಸ್ಸಿನ ಧೂಳು ಇನ್ನೂ ಎದ್ದಿರಲಿಲ್ಲ. ಹೇಗೂ ಕಾಯುವುದೇ. ಚೀಲ, ಫೋನು ಗುಡುಸಾಬನ ಕೈಗೆ ಕೊಟ್ಟು, ಅವನ ತೋಳು ಹಿಡಿದು ಒಳಗೆ ಜಾರಿದ.

ಕುಣಿಯ ಒಂದು ಬದಿಗೆ ಕೆತ್ತಿದ್ದ ಗೂಡಿನಲ್ಲಿ ಕಾಲು ಮಡಚಿ ಕೂತ. ತಲೆ ಕಲ್ಲಿಗೆ ತಾಗಲಿಲ್ಲ. ಬೆನ್ನು, ಭುಜ, ಮೊಳಕಾಲು, ಎಲ್ಲಕ್ಕೂ ಬೇಕಾದಷ್ಟೇ ಜಾಗ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೇಲೆ ಸುಡುತ್ತಿದ್ದ ಬಿಸಿಲು ಇಲ್ಲಿಗೆ ಇಳಿಯುತ್ತಿರಲಿಲ್ಲ. ಹಸಿ ಮಣ್ಣಿನ ವಾಸನೆ.

“ಸರಿ ಅದ,” ಎಂದು ಕೂಗಿದ.

ಮೇಲೆ ಫೋನು ರಿಂಗಾಯಿತು.

“ಸರ್, ಯಾರೋ ಜಯಮಾಲಾ ಅಂತ,” ಎಂದ ಗುಡುಸಾಬ. ಇವನು ಬಾಯಿ ತೆರೆಯುವ ಮೊದಲೇ ಎತ್ತಿಬಿಟ್ಟ. “ಹಲೋ... ಹಾಂ ಬಾಯಾರ... ಅದಾರ್ರಿ. ಕುಣಿಯಾಗ ಕುಂತಾರ್ರಿ... ಹೌದ್ರಿ, ಹೆಣ ಹುಗಿಯೂ ಕುಣಿ... ಆರಾಮ ಅದಾರ್ರಿ.” ಅವನು ಫೋನು ಇಳಿಸಿದ.

“ಏನಂದಳು?”

“ಕುಂದರ್ಲಿ ಅಂದ್ರು.”

ಅದೇ ಹೊತ್ತಿಗೆ ರಸ್ತೆಯ ಮೇಲೆ ಒಂದು ದೊಡ್ಡ ಗಾಡಿ ಗಡಗಡನೆ ಹಾದುಹೋಯಿತು. ನೆಲ ಅದುರಿ ಗೂಡಿನ ಅಂಚಿನಿಂದ ಸ್ವಲ್ಪ ಮಣ್ಣು ಉದುರಿತು. ಬಸ್ಸೇ ಇರಬೇಕು. ಕಲ್ಯಾಣಕುಮಾರ ಎದ್ದು ನಿಂತು ಕೈ ಎತ್ತಿದ. ಬೆರಳುಗಳು ಅಂಚನ್ನು ಮುಟ್ಟಲಿಲ್ಲ.

“ದಶರಥ ಅವರ, ಕೈ ಕೊಡ್ರಿ.”

ದಶರಥ ತನ್ನ ಫೋನಿನಲ್ಲಿ ಮಾತಾಡುತ್ತಿದ್ದ. “ಯಾರ ಬಂದಾರ?... ಮನಿಗಿ?... ಖರೇನು?” ಅವನು ಕುಣಿಯ ಅಂಚಿಗೆ ಬಂದು ಬಗ್ಗಿದ. ಆಕಾಶದ ಬೆಳಕಿಗೆ ಅವನ ಮುಖ ಕಪ್ಪಗೆ ಕಾಣುತ್ತಿತ್ತು.

“ಆಳಂದದ ಸರ್ ಹೆಣ ಎತ್ತೂ ಮುಂದ ಬಂದಾರಂತ್ರಿ ಮನಿಗಿ. ಕಾಕಾನ ಕಾಲ ಮ್ಯಾಲ ಬಿದ್ದು ಅತ್ತಾರಂತ.” ಇನ್ನಷ್ಟು ಬಗ್ಗಿ ಕೇಳಿದ, “ಹಂಗಾದ್ರ ನೀವು ಯಾರ್ರಿ?”

ಕಲ್ಯಾಣಕುಮಾರ ಉತ್ತರಕ್ಕೆಂದು ಬಾಯಿ ತೆರೆದ. ಹುದ್ದೆ ಇತ್ತು, ಊರು ಇತ್ತು. ಎರಡೂ ಆಗಲೇ ಹೇಳಿಯಾಗಿತ್ತು.

“ನಾನು ಸುಮ್ಮ... ಬಸ್ಸು ಬರೂತನಾ,” ಎಂದ.

ದೂರದಲ್ಲಿ ಭಜನೆಯ ತಾಳ ಕೇಳಿಸಿತು. ಮೆರವಣಿಗೆ ಹೊಲಕ್ಕೆ ತಿರುಗಿತ್ತು. ದಶರಥನ ಮುಖ ಅಂಚಿನಿಂದ ಸರಿಯಿತು. ಹೆಜ್ಜೆಗಳು ರಸ್ತೆಯ ಕಡೆಗೆ ಓಡಿದವು. ಗುಡುಸಾಬ ಯಂತ್ರ ಹಿಂದಕ್ಕೆ ಸರಿಸಲು ಹೋದ. ತಾಳ ಹತ್ತಿರವಾಯಿತು, ಜನ ಸುತ್ತಲೂ ನೆರೆದ ಸದ್ದು. ಎಲ್ಲರ ಬೆನ್ನೂ ಕುಣಿಯ ಕಡೆಗಿತ್ತು. ಎಲ್ಲರೂ ಬರುತ್ತಿದ್ದ ಸೈದಪ್ಪನನ್ನು ನೋಡುತ್ತಿದ್ದರು.

ಕಲ್ಯಾಣಕುಮಾರ ಕೂಗಬೇಕೆಂದುಕೊಂಡ. ಯಾರನ್ನು ಏನೆಂದು ಕೂಗುವುದು ತಿಳಿಯಲಿಲ್ಲ. ನಿಂತು ಕಾಲು ನೋಯತೊಡಗಿದ್ದರಿಂದ ಮತ್ತೆ ಗೂಡಿನಲ್ಲಿ ಕೂತ. ಯಾರಾದರೂ ತಿರುಗಿ ನೋಡುವವರೆಗೆ ಸ್ವಲ್ಪ ವೇಳೆ ಇತ್ತು. ಅಷ್ಟರಲ್ಲಿ ಏನು ಮಾಡಬಹುದೆಂದು ಯೋಚಿಸಿದ. ಎಷ್ಟು ಹುಡುಕಿದರೂ ಮಾಡುವಂಥದ್ದು ಒಂದೂ ನೆನಪಾಗಲಿಲ್ಲ.

ಮೇಲೆ ಯಾರೋ ಮೆರವಣಿಗೆಯತ್ತ ಮುಖ ಮಾಡಿಕೊಂಡೇ ಉಪ್ಪಿನ ಚೀಲದ ಬಾಯಿ ಬಿಚ್ಚಿ, ಕುಣಿಗೆ ಹಾಕುವ ಹರಳುಪ್ಪನ್ನು ಹಿಂದಕ್ಕೆ ಸುರಿದರು. ಮೊದಲ ಹಿಡಿ ಅವನ ತೊಡೆಯ ಮೇಲೆ ಬಿತ್ತು. ಕಲ್ಯಾಣಕುಮಾರ ಇಸ್ತ್ರಿ ಪ್ಯಾಂಟನ್ನು ಕೊಡವಿಕೊಂಡ. ಮತ್ತೆ ಬಿತ್ತು. ಮತ್ತೆ ಕೊಡವಿಕೊಂಡ.