ಎಡಗಡೆಯ ಸ್ಟಿಯರಿಂಗು

ನನ್ನ ಕಾರಿನಂಥ ಕಾರು ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಇದ್ದದ್ದೆಲ್ಲ ಗುಜರಿಗೆ ಹೋಗಿದೆ. ಹಡಗಿನಲ್ಲಿ ಬಂದ ಕಾರು ಅದು. ಬಂದ ದಿನ ಬಂದರಿನ ಕ್ರೇನುಗಳೆಲ್ಲ ಕತ್ತು ಬಗ್ಗಿಸಿ ನೋಡಿದವಂತೆ. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಸದ್ದು. ಇನ್ನು ರಿಪೇರಿಯ ಮಾತು. ನಾನು ಅದಕ್ಕೆ ಸುರಿದ ದುಡ್ಡಿನಲ್ಲಿ ಒಂದು ಸಣ್ಣ ವಿಮಾನ ಕೊಳ್ಳಬಹುದಿತ್ತು, ಪೈಲಟ್ ಸಮೇತ. ಒಂದು ವಾರ ರೇಡಿಯೇಟರು, ಇನ್ನೊಂದು ವಾರ ಪೆಟ್ರೋಲ್ ಪಂಪು, ಎರಡೂ ಸರಿಯಿದ್ದ ವಾರ ನನಗೇ ಜ್ವರ.

ಅದರ ಸ್ಟಿಯರಿಂಗು ಎಡಗಡೆ. ನಮ್ಮ ರಸ್ತೆಗಳಲ್ಲಿ ಎಲ್ಲರೂ ಬಲಗಡೆ ಕೂತು ಓಡಿಸುತ್ತಾರೆ. ನಾನೊಬ್ಬ ಮಾತ್ರ ಎಡಗಡೆ, ಚರಂಡಿಯ ಪಕ್ಕ, ಮಹಾರಾಜನಂತೆ. ಹೀಗೆ ಕೂತವನಿಗೆ ಒಂದೇ ತೊಂದರೆ. ಮುಂದೆ ಲಾರಿ ಇದ್ದರೆ ಎದುರಿನಿಂದ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ. ಅದು ಕಾಣುವುದು ಬಲಗಡೆ ಕೂತವರಿಗೆ. ಬಲಗಡೆ ಕೂರುತ್ತಿದ್ದವಳು ನನ್ನಕ್ಕ.

ನಾವಿಬ್ಬರೂ ಮದುವೆಯ ಗೋಜಿಗೆ ಹೋಗದೆ ಒಂದೇ ಮನೆಯಲ್ಲಿ ಇದ್ದುಬಿಟ್ಟವರು. ನನ್ನದು ಕನ್ನಡಕದ ಅಂಗಡಿ. ಅರ್ಧ ಊರಿಗೆ ಕಣ್ಣು ಕೊಟ್ಟವನು ನಾನೇ, ಉಳಿದರ್ಧ ಊರು ಇನ್ನೂ ತಡಕಾಡುತ್ತಲೇ ಇದೆ. ಗಿರಾಕಿಗಳಿಗೆ ಫ್ರೇಮು ಆರಿಸಿಕೊಡುವವಳು ಅಕ್ಕ. “ಇದು ಬೇಡ, ಗೂಬೆ ಥರ ಕಾಣ್ತೀರ” ಎಂದು ಮುಖದ ಮೇಲೇ ಹೇಳಿ, ಅದಕ್ಕಿಂತ ದುಬಾರಿಯದನ್ನು ತಗಲಿಸುತ್ತಿದ್ದಳು. ಭಾನುವಾರವಾದರೆ ಇಬ್ಬರೂ ಕಾರು ಹತ್ತಿ ಹೆದ್ದಾರಿಗೆ. ಕೂಗಾಡುವುದು ಅವಳಿಗೆ ಆಗದು. ಲಾರಿ ದಾಟಬಹುದಾದರೆ “ಹೂಂ” ಅನ್ನುತ್ತಿದ್ದಳು, ಬೇಡವಾದರೆ “ಉಹೂಂ”. ಅಷ್ಟೇ. ಆ ಒಂದು “ಹೂಂ” ನಂಬಿ ನಾನು ಗಾಡಿ ನುಗ್ಗಿಸಿದರೆ ಗಾಳಿಯೂ ಏದುಸಿರು ಬಿಡುತ್ತ ಹಿಂದೆ ಬರಬೇಕಿತ್ತು.

ಹೀಗಿರುವಾಗ ಊರಾಚೆ, ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಎದುರು ಕಾರು ಕೈ ಕೊಟ್ಟಿತು. ಅಲ್ಲಿಯ ಗುಮಾಸ್ತ ಬಕೆಟ್ಟಿನಲ್ಲಿ ನೀರು ತಂದ, ನೆರಳಿಗೆ ಕುರ್ಚಿ ಎಳೆದ, ಅಕ್ಕನನ್ನು ಕೂರಿಸಿದ. ಕಾರು ನನಗೆ ಕೈ ಕೊಟ್ಟ ಜಾಗದಲ್ಲೇ ಅವನು ಅಕ್ಕನ ಕೈ ಹಿಡಿದ. ಅಕ್ಕ ಆಗ ಐವತ್ತು ದಾಟಿದ್ದಳು. ಹೀಗೆ ಅವನು ನನಗೆ ಭಾವನಾದ.

“ದಿನಾ ಟನ್ನುಗಟ್ಟಲೆ ತೂಗೋನಿಗೆ ನಿನ್ನ ತೂಕ ಗೊತ್ತಾಗ್ಲಿಲ್ವೇನೇ?” ಎಂದು ಕೆಣಕಿದೆ.

“ಗೊತ್ತಾಗಿದ್ದಕ್ಕೇ ಕಟ್ಕೊಂಡಿದ್ದು ಕಣೋ” ಅಂದಳು.

ಅವಳ ಸೂಟ್‌ಕೇಸು, ಹೊಲಿಗೆ ಯಂತ್ರ ನನ್ನದೇ ಕಾರಿನ ಡಿಕ್ಕಿಯಲ್ಲಿ ಭಾವನ ಮನೆಗೆ ಹೋದವು.

ಆಮೇಲೆ ನಾನು ಹೆದ್ದಾರಿಯಲ್ಲಿ ಒಂದು ಲಾರಿಯನ್ನೂ ದಾಟಲಿಲ್ಲ. ಒಮ್ಮೆ ಇಟ್ಟಿಗೆ ಲಾರಿಯೊಂದರ ಹೊಗೆ ಕುಡಿಯುತ್ತ ಹೋದವನು, ಏನೋ ಯೋಚನೆಯಲ್ಲಿ ಅದು ತಿರುಗಿದ ಕಡೆಗೆಲ್ಲ ತಿರುಗಿ, ಯಾರೋ ಮನೆ ಕಟ್ಟಿಸುತ್ತಿದ್ದ ಅಂಗಳಕ್ಕೆ ಹೋಗಿ ನಿಂತೆ. ಡ್ರೈವರು ಇಳಿದು ಬಂದ.

“ಏನ್ ಸಾರ್, ಇಟ್ಟಿಗೆ ಎಣಿಸೋಕೆ ಬಂದ್ರಾ?”

“ಹೌದು. ಒಂದು ಕಡಿಮೆ ಇದೆ.”

ಎಂಥಾ ಉತ್ತರ ಕೊಟ್ಟೆ ನೋಡು ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಸೀಟ್ ಬೆಲ್ಟು ನೇತಾಡುತ್ತಿತ್ತು.

ಅಷ್ಟರಲ್ಲಿ ಸ್ಟಿಯರಿಂಗಿನ ಕೆಳಗೆ ಎಣ್ಣೆ ಸೋರತೊಡಗಿತು. ನನ್ನ ಮೆಕ್ಯಾನಿಕ್ಕನ್ನು ಎಲ್ಲರೂ ಇಕ್ಕಳಣ್ಣ ಎನ್ನುತ್ತಾರೆ; ಚಹಾದ ಲೋಟವನ್ನೂ ಇಕ್ಕಳದಲ್ಲೇ ಹಿಡಿಯುವ ಮನುಷ್ಯ. ಅವನು ಕಾರಿನಡಿಯಿಂದ ತಲೆ ಹೊರಗೆ ಹಾಕಿದ.

“ಸಾರ್, ಸ್ಟಿಯರಿಂಗ್ ಬಾಕ್ಸು ಹೋಯ್ತು.”

“ಎಲ್ಲಿಗೆ ಹೋಯ್ತಯ್ಯಾ?”

“ನಿಮ್ಮ ದುಡ್ಡು ಹೋದ ಕಡೆಗೇ. ಈ ಎಡಗಡೆ ಬಾಕ್ಸು ಹಡಗಲ್ಲೇ ಬರ್ಬೇಕು. ಅದರ ರೇಟು ಕೇಳಿದ್ರೆ ನೀವೂ ಇಲ್ಲೇ ನನ್ನ ಪಕ್ಕ ಮಲಗಿಬಿಡ್ತೀರ. ಬಲಗಡೇದಾದ್ರೆ ಗುಜರೀಲಿ ಸಿಗುತ್ತೆ. ಸ್ಟಿಯರಿಂಗ್ ಪೂರ್ತಿ ಈ ಕಡೆಗೆ ತಂದುಬಿಡ್ತೀನಿ. ಆಮೇಲೆ ನೀವೊಬ್ರೇ ಆರಾಮಾಗಿ ಓಡಿಸ್ಬಹುದು.”

“ಅಕ್ಕನ ಸೀಟು?”

“ಎಡಗಡೆಗೆ ಹೋಗುತ್ತೆ. ಎಲ್ಲರ ಮನೆಯವರೂ ಕೂರೋ ಕಡೆ.”

“ಅಲ್ಲಿ ಕೂತು ಅವಳೇನು ನೋಡ್ತಾಳೆ?”

“ಚರಂಡಿ ನೋಡ್ತಾರೆ. ನೀವು ಇಷ್ಟು ವರ್ಷ ನೋಡ್ಲಿಲ್ವಾ?”

ಸ್ಟಿಯರಿಂಗು ಬಲಕ್ಕೆ ಬಂದರೆ ಅಕ್ಕನಿಗೆ ಆ ಕಾರಿನಲ್ಲಿ ಕೆಲಸವೇ ಇಲ್ಲ. ಕೆಲಸವಿಲ್ಲದ ಕಡೆಗೆ ಅವಳು ಯಾಕೆ ಬರುತ್ತಾಳೆ? ಹಡಗಿನ ಬಾಕ್ಸನ್ನೇ ತರಿಸುತ್ತೇನೆ, ಬೇಕಾದರೆ ಅಂಗಡಿ ಮಾರಿ ಹಡಗನ್ನೂ ಕೊಳ್ಳುತ್ತೇನೆ ಎಂದು ಗ್ಯಾರೇಜಿಗೆಲ್ಲ ಕೇಳುವಂತೆ ಹೇಳಿದೆ. ಸದ್ಯಕ್ಕೆ ಎಣ್ಣೆ ತುಂಬಿಸಿಕೊಂಡು ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ: “ಭಾನುವಾರ ಒಂದು ಸುತ್ತು ಹೋಗೋಣ ಬಾರೇ.”

ಬಂದಳು. ಕೂತವಳೇ, “ಇದೇನೋ, ಸೀಟು ಇಷ್ಟು ಮುಂದಿದೆ?” ಅಂದಳು.

“ನೀನು ಬಿಟ್ಟಲ್ಲೇ ಇದೆ.”

“ಅವರ ಕಾರಲ್ಲಿ ಕಾಲು ಚಾಚ್ಕೊಂಡು ಅಭ್ಯಾಸ ಆಗೋಗಿದೆ ಕಣೋ” ಎಂದು ಸೀಟನ್ನು ಹಿಂದಕ್ಕೆ ತಳ್ಳಿಕೊಂಡಳು.

ಹೆದ್ದಾರಿಯಲ್ಲಿ ನಮ್ಮ ಅದೃಷ್ಟಕ್ಕೆ ಮುಂದೆಯೇ ಒಂದು ಲಾರಿ ಸಿಕ್ಕಿತು. ಲಾರಿ ಕಂಡು ಇಷ್ಟು ಖುಷಿಪಟ್ಟವನು ಪ್ರಪಂಚದಲ್ಲೇ ಇನ್ನೊಬ್ಬ ಇರಲಾರ. ಅದರ ಬಾಲಕ್ಕೇ ಅಂಟಿಕೊಂಡು, ಗೇರು ಇಳಿಸಿ, ಕಿವಿ ನಿಮಿರಿಸಿ ಕಾದೆ.

“ಹೂಂ” ಅಂದಳು ಅಕ್ಕ.

ನುಗ್ಗಿಸಿದೆ. ಎದುರಿಗೆ ಸಿನಿಮಾ ಟಾಕೀಸಿನಷ್ಟು ದೊಡ್ಡ ಬಸ್ಸು. ಅದು ಎಷ್ಟು ಹತ್ತಿರ ಬಂತೆಂದರೆ, ಅದರ ಡ್ರೈವರನ ಎಡಗಣ್ಣಿಗೆ ಕನ್ನಡಕ ಬೇಕು ಎಂದು ನಾನು ಈಗಲೂ ಬರೆದುಕೊಡಬಲ್ಲೆ. ಹೇಗೋ ಲಾರಿಯ ಹಿಂದಕ್ಕೆ ಮರಳಿದೆ. ಬಲಗಡೆಯ ಕನ್ನಡಿ ಹಾರಿಹೋಗಿತ್ತು. ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ ಪಕ್ಕಕ್ಕೆ ತಿರುಗಿ ನೋಡಿದರೆ, ಅಕ್ಕನ ಬಲಗಿವಿಯಲ್ಲಿ ಫೋನು.

“ಇರಿ, ಇಲ್ಲೇನೋ ಆಯ್ತು. ಫ್ರಿಜ್ಜಲ್ಲೇ ಇದೆ ಅಂದ್ನಲ್ಲ, ಬಿಸಿ ಮಾಡ್ಕೊಳ್ಳಿ” ಎಂದು ಫೋನು ಇಟ್ಟಳು. ಮುಖ ಬಿಳಿಚಿತ್ತು. “ಯಾಕೋ ಹಂಗೆ ನುಗ್ಗಿಸಿದೆ?”

“ನೀನು ಹೂಂ ಅಂದ್ಯಲ್ಲೇ.”

“ಅದು ಅವರಿಗೆ ಅಂದಿದ್ದು ಕಣೋ.”

ಹೋಗುವ ಬರುವ ಗಾಡಿಗಳ ಗಾಳಿಗೆ ಕಾರು ಅಲುಗುತ್ತಿತ್ತು.

“ನೋಡ್ಬೇಕು ಅನ್ನೋದೇ ಮರೆತುಹೋಗಿತ್ತು” ಎಂದಳು ಅಕ್ಕ, ನನ್ನ ಮಣಿಕಟ್ಟು ಹಿಡಿದುಕೊಂಡು. “ಇನ್ನು ನನ್ನ ನಂಬ್ಕೊಂಡು ಗಾಡಿ ಓಡಿಸ್ಬೇಡ ಕಣೋ.”

ವಾಪಸು ಬರುವಾಗ ಅವಳು ಎರಡೂ ಕೈಯನ್ನು ಡ್ಯಾಶ್‌ಬೋರ್ಡಿಗೆ ಊರಿ, ರೆಪ್ಪೆ ಮಿಟುಕಿಸದೆ ರಸ್ತೆ ನೋಡಿದಳು. ಟ್ರಾಕ್ಟರೊಂದು ಮುಂದಿತ್ತು. ಎದುರಿನ ರಸ್ತೆ ಖಾಲಿಯಿದ್ದಾಗಲೂ “ಉಹೂಂ” ಅಂದಳು, ಆಮೇಲೂ “ಉಹೂಂ” ಅಂದಳು. ನಾನು ಒಂದು ಸಲವೂ ದಾಟಲಿಲ್ಲ. ಭಾವ ಗೇಟಿನಲ್ಲೇ ನಿಂತಿದ್ದ.

ಮರುದಿನ ಇಕ್ಕಳಣ್ಣನಿಗೆ, “ತಂದುಬಿಡಯ್ಯಾ ಈ ಕಡೆಗೆ” ಅಂದೆ. ಅವನು ತಂದ. ಆ ಬಿಲ್ಲನ್ನು ನೋಡಿ ನನ್ನ ಅಂಗಡಿಯ ಕನ್ನಡಕಗಳೆಲ್ಲ ಮಂಜಾದವು. ಆದರೆ ಕಾರು ಕೈಗೆ ಬಂದ ದಿನ ಹೆದ್ದಾರಿಗೆ ಹೋಗಿ ನಾನು ದಾಟಿದ ಲಾರಿಗಳಿಗೆ ಲೆಕ್ಕವಿಲ್ಲ. ಒಬ್ಬನೇ ನೋಡಿದೆ, ಒಬ್ಬನೇ ನುಗ್ಗಿಸಿದೆ. ಬೈಪಾಸಿನ ಕೊನೆಯವರೆಗೂ ನನ್ನ ಮುಂದೆ ಒಂದು ಗಾಡಿಯೂ ಉಳಿಯಲಿಲ್ಲ. ಕಾರಿನಲ್ಲಿ ಅಷ್ಟು ಸದ್ದಿದ್ದರೂ ಡ್ಯಾಶ್‌ಬೋರ್ಡಿನ ಗಡಿಯಾರ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು.

ಹಿಂತಿರುಗುವಾಗ ಮಳೆ. ಎಲ್ಲವೂ ಬಲಕ್ಕೆ ಬಂದಿತ್ತು, ವೈಪರೊಂದನ್ನು ಬಿಟ್ಟು. ಅದು ಇನ್ನೂ ಎಡಗಡೆ ಕೂತವರಿಗಾಗಿಯೇ ಗಾಜು ಒರೆಸುತ್ತಿತ್ತು. ಆ ಕಡೆ ಗಾಜು ತಿಳಿಯಾಗಿತ್ತು. ನನ್ನ ಮುಂದೆ ನೀರೋ ನೀರು. ಹೇಗೋ ಗ್ಯಾರೇಜು ಮುಟ್ಟಿದೆ.

“ಅದನ್ನೂ ತಿರುಗಿಸೋದಾದ್ರೆ ಮತ್ತೆ ಎಲ್ಲಾ ಬಿಚ್ಬೇಕು ಸಾರ್” ಎಂದ ಇಕ್ಕಳಣ್ಣ. “ಬೇರೆ ಖರ್ಚಾಗುತ್ತೆ.”

“ಇರ್ಲಿ ಬಿಡು. ಆ ಕಡೆ ಕೂತವರಿಗಾದ್ರೂ ಕಾಣ್ಲಿ.”

“ಆ ಕಡೆ ಯಾರು ಕೂರ್ತಾರೆ?”

“ಕೂರೋಕೆ ಜನ ಕ್ಯೂ ನಿಂತಿದ್ದಾರೆ ಕಣಯ್ಯಾ.”

ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ನಾನು ಎಡಕ್ಕೆ ವಾಲಿ, ಖಾಲಿ ಸೀಟಿನ ಮೇಲೆ ಒಂದು ಕೈ ಊರಿಕೊಂಡು, ಅಲ್ಲಿಂದ ಕಾಣುವಷ್ಟು ರಸ್ತೆ ನೋಡುತ್ತ ಮನೆಗೆ ಹೊರಟೆ.