ಗಾಳೆಮ್ಮನ ಮೊಳ

ಸುಮಲತಾ ಟೀಚರಿಗೆ ವ್ಯಾಪಾರ ಗೊತ್ತಿರಲಿಲ್ಲ. ಹರಪನಹಳ್ಳಿಯಲ್ಲಿ ಅವಳಪ್ಪ ಗುಮಾಸ್ತರಾಗಿದ್ದರು. ಆ ಮನೆಯಲ್ಲಿ ದುಡ್ಡೆಂದರೆ ಒಂದನೇ ತಾರೀಖಿನ ಸಂಬಳ, ಅಷ್ಟೇ. ಆದರೂ 2003ರಲ್ಲಿ, ಹಡಗಲಿ ಹತ್ತಿರದ ಹಳ್ಳಿಶಾಲೆಯಲ್ಲಿ, ಏಳನೇ ತರಗತಿಗೆ ವ್ಯಾಪಾರ ಕಲಿಸಲು ಹೊರಟಳು. ತರಬೇತಿಯಲ್ಲಿ ಯಾರೋ ಮಕ್ಕಳ ಸಂತೆಯ ವಿಷಯ ಹೇಳಿದ್ದರು. ಮಕ್ಕಳು ನಾಳೆ ಯಾರ ಹಂಗಿನಲ್ಲೂ ಬದುಕಬಾರದು, ದುಡಿಮೆಯನ್ನು ಇವತ್ತೇ ಕಲಿಯಬೇಕು ಎಂಬ ಮಾತು ಅವಳಿಗೆ ನಾಟಿತ್ತು.

"ಮಾಡ್ರಿ, ಮಾಡ್ರಿ. ಆದ್ರ ನನಗ ಮಿರ್ಚಿ ತಪ್ಪಬಾರದು ನೋಡ್ರಿ" ಎಂದು ಹೆಡ್‌ಮಾಸ್ತರ್ ನಾಗೇಂದ್ರಪ್ಪ ಒಪ್ಪಿದರು.

ಫೆಬ್ರವರಿಯ ಒಂದು ಶನಿವಾರ ಶಾಲೆಯ ಬೇವಿನ ಮರದ ಕೆಳಗೆ ಸಂತೆ ಕೂಡಿತು. ಹುಡುಗರು ಹುಣಸೆಹಣ್ಣು, ಮಂಡಕ್ಕಿ, ಶೇಂಗಾ ತಂದಿದ್ದರು. ಕೂಗಲು ನಾಚಿಕೆಯಾಗಿ ತಮ್ಮ ಸರಕನ್ನು ತಾವೇ ತಿನ್ನುತ್ತ ಕೂತರು. ಗಾಳೆಮ್ಮ ಮಾತ್ರ ಕೂರಲಿಲ್ಲ. ಅವಳ ತಾಯಿ ಪಕ್ಕೀರಮ್ಮ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುವವಳು. ಅವ್ವ ಕಟ್ಟಿಕೊಟ್ಟ ಮಾಲೆಯನ್ನು ಹುಡುಗಿ ಒದ್ದೆಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ತಂದಿದ್ದಳು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಹಿಡಿದು, ಒಂದು ಮೊಳ ಎಂದು ಹರಿದು ಕೊಡುತ್ತಿದ್ದಳು. ಹೂವಿಗೆ ಬೇರೆ ಅಳತೆ ಇಲ್ಲ. ಮಾರುವವರ ಕೈಯೇ ಅಳತೆ. ಗಾಳೆಮ್ಮ ವಯಸ್ಸಿಗಿಂತ ಗಿಡ್ಡ.

ಬಿಸಿಯೂಟದ ಅಡುಗೆ ಮಾಡುವ ಓಬಮ್ಮ ಹೂವು ಕೈಗೆ ತಗೊಂಡು ತಿರುಗಿಸಿ ನೋಡಿದಳು. "ಏನೇ ಹುಡುಗಿ, ಇದು ಮೊಳಾನೋ ಗೇಣೋ?"

"ನನ್ನ ಕೈ ಇರೋದೇ ಇಷ್ಟು, ದೊಡ್ಡವ್ವ. ಎಳದು ಉದ್ದ ಮಾಡ್ಲೇನು? ಉದ್ದ ಕೈ ಬೇಕಂದ್ರ ಬಸ್ ಸ್ಟ್ಯಾಂಡಿಗೆ ಹೋಗು, ನಮ್ಮವ್ವ ಅದಾಳ."

"ಅಯ್ಯ, ಇದರ ಬಾಯಿ ನೋಡ್ರಿ! ಕೈ ಗಿಡ್ಡ, ನಾಲಿಗಿ ಮಾರುದ್ದ!"

ಎಲ್ಲರೂ ನಕ್ಕರು. ಓಬಮ್ಮನೂ ನಗುತ್ತಲೇ ಹೂವು ಮುಡಿದಳು. ಇದೇ ಅಳತೆ ಪಕ್ಕೀರಮ್ಮ ಕೊಟ್ಟಿದ್ದರೆ ಬೀದಿಜಗಳವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಳೆಮ್ಮನ ಬುಟ್ಟಿ ಬರಿದಾಗಿತ್ತು.

ಸಂಜೆ ತಂದೆತಾಯಂದಿರ ಮುಂದೆ ಸುಮಲತಾ ಆ ಹುಡುಗಿಯ ಕೈ ಹಿಡಿದು ಮೇಲೆತ್ತಿದಳು. "ಅವ್ವನ ಕೈಯಾಗ ಇಪ್ಪತ್ತು ಮೊಳ ಆಗೋ ಮಾಲಿ, ಇವಳ ಕೈಯಾಗ ಇಪ್ಪತ್ತೇಳು ಮೊಳ ಆಗೈತಿ. ಯಾರಿಗೂ ಬೇಜಾರಾಗಿಲ್ಲ. ವ್ಯಾಪಾರ ಅಂದ್ರ ಇದು. ಈ ಕೈಯೇ ಇವಳ ಬಂಡವಾಳ!"

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಪಕ್ಕೀರಮ್ಮನ ಜೊತೆ ಹೂವು ಮಾರುವ ಇನ್ನೂ ಕೆಲವು ಹೆಂಗಸರಿದ್ದರು. ಚಿಕ್ಕ ಕೈಗೆ ಚಿಕ್ಕ ಮೊಳ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅದಕ್ಕಾಗಿ ಮಗಳನ್ನು ಬಸ್ ಸ್ಟ್ಯಾಂಡಿಗೆ ಕರೆದೊಯ್ಯಬಹುದು ಎಂದು ಮಾತ್ರ ಯಾರೂ ಲೆಕ್ಕ ಮಾಡಿ ತೋರಿಸಿರಲಿಲ್ಲ. ಶಾಲೆ ತೋರಿಸಿತು.

ಆಮೇಲೆ ಗಾಳೆಮ್ಮ ಶುಕ್ರವಾರಗಳಂದು ಶಾಲೆಗೆ ಬರುವುದು ನಿಂತಿತು. ಕೇಳಿದರೆ, "ಅವ್ವನ ಜೊತಿ ಹೂವಿಗೆ ಹೋಗಿದ್ನಿರಿ" ಎನ್ನುತ್ತಿದ್ದಳು. ಕಲಿತದ್ದು ಕೈಗೆ ಹತ್ತುತ್ತಿದೆ ಎಂದು ಸುಮಲತಾಗೆ ಹಿಗ್ಗು. ತಾನೇ ಹಾಜರಿ ಹಾಕಿದಳು.

ಏಳನೆಯದು ಪಾಸಾಯಿತು. ಮುಂದೆ ಓದಲು ಹಡಗಲಿಯ ಹೈಸ್ಕೂಲಿಗೆ ಹೆಸರು ಹಚ್ಚಬೇಕು. ಜೂನ್ ಮುಗಿಯುತ್ತ ಬಂದರೂ ಗಾಳೆಮ್ಮನ ಟಿ.ಸಿ. ಒಯ್ಯಲು ಯಾರೂ ಬರಲಿಲ್ಲ. ಸುಮಲತಾ ತಾನೇ ಬಸ್ ಸ್ಟ್ಯಾಂಡಿಗೆ ಹೋದಳು.

"ಇನ್ನೂ ಹೆಸರು ಹಚ್ಚಿಲ್ಲ ಯಾಕ, ಪಕ್ಕೀರಮ್ಮ?"

"ಹಚ್ಚೋಣಂತ ಬಿಡ್ರಿ ಅಕ್ಕೋರ. ಸಾಲಿ ಎಲ್ಲಿ ಓಡಿ ಹೋಗ್ತೈತಿ? ಕೈ ನಿಲ್ಲಂಗಿಲ್ಲ ನೋಡ್ರಿ, ಬೆಳೀತೈತಿ. ಇನ್ನೆರಡು ವರ್ಸಕ್ಕ ಅಕಿ ಕೈನೂ ನನ್ನ ಕೈಯಷ್ಟೇ ಆಗ್ತೈತಿ. ಆಮ್ಯಾಲ ಓದ್ಲಿ."

"ಎರಡು ವರ್ಷ ಬಿಟ್ಟ ಮ್ಯಾಲ ಯಾವ ಹುಡುಗಿ ಸಾಲಿಗೆ ಬಂದಾಳ ಹೇಳು? ಅವತ್ತು ಮಾಡಿದ್ದು ಒಂದು ದಿನದ ಆಟ."

"ನೀವೇ ಅಲ್ರಿ ಅಕಿ ಕೈ ಎತ್ತಿ ತೋರಿಸಿದ್ದು? ನಮಗ ಹೊಳದಿದ್ದಿಲ್ಲ."

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಪಕ್ಕೀರಮ್ಮ ಉಪಕಾರ ನೆನೆಯುತ್ತಿದ್ದಳು. ಸುಮಲತಾ ಏನೋ ಹೇಳಲು ಹೋದಳು. ಬಾಯಿಗೆ ಬಂದದ್ದೆಲ್ಲ ತರಬೇತಿಯಲ್ಲಿ ಕೇಳಿದ ಮಾತುಗಳೇ.

ಅಷ್ಟರಲ್ಲಿ ಬಸ್ಸಿನ ಕಿಟಕಿಯೊಂದಕ್ಕೆ ಹೂವು ಕೊಟ್ಟು ಗಾಳೆಮ್ಮ ಓಡಿ ಬಂದಳು. ಮುಖದ ತುಂಬ ಬೆವರು.

"ಮೇಡಂ! ಈ ಸಲ ಸಂತಿ ಯಾವಾಗ್ರಿ? ಹುಡುಗ್ರು ಬಾಯಿ ಮುಚ್ಕೊಂಡು ಕೂಡ್ತಾವ. ಕೂಗೋದು ನಾ ಬಂದು ಕಲಿಸ್ತೀನ್ರಿ."

"ಸಂತಿ ಮಾಡಂಗಿಲ್ಲ."

"ಯಾಕ್ರಿ?"

ಹಗರಿಬೊಮ್ಮನಹಳ್ಳಿಯ ಬಸ್ಸು ಒಳಗೆ ಬಂತು. ಉತ್ತರಕ್ಕೆ ಕಾಯದೆ ಗಾಳೆಮ್ಮ ಅದರ ಹಿಂದೆ ಓಡಿದಳು. ಆ ಬಸ್ಸಿನ ಕಿಟಕಿಗಳ ಕೆಳಗೆ ಅವಳ ತರಗತಿಯವರೇ ಇನ್ನೂ ಮೂವರು ಹುಡುಗಿಯರು ಬುಟ್ಟಿ ಹಿಡಿದು ನಿಂತಿದ್ದರು. ಟೀಚರನ್ನು ಕಂಡು ನಕ್ಕರು.

ಆ ವರ್ಷ ಏಳನೇ ತರಗತಿ ಪಾಸಾದ ಹುಡುಗಿಯರು ಒಂಬತ್ತು. ಹೈಸ್ಕೂಲಿಗೆ ಹೋದವರು ಐದು. ಹೋಗದವರು ನಾಲ್ಕು.