ಗಾಡಿ ಬಿಟ್ಟ ಮೇಲೆ ಊಟ

ನಮ್ಮವರ ಮೂರನೆಯ ದಿನದ ಎಡೆಯನ್ನು ಕಾಗೆ ಮುಟ್ಟಲಿಲ್ಲ.

ನಾನೇನು ಕಡಿಮೆ ಮಾಡಿಸಿದ್ದೆನೇ? ಗೋಧಿ ಹುಗ್ಗಿ, ತುಂಬಿದ ಬದನೆಕಾಯಿ, ಶೇಂಗಾ ಹಿಂಡಿ, ಚಕ್ಕಡಿ ಗಾಲಿಯಷ್ಟು ಅಗಲದ ರೊಟ್ಟಿ. ರಾಯಬಾಗ, ಅಥಣಿ, ಚಿಕ್ಕೋಡಿ ತಾಲೂಕಿನ ಕಾಗೆಗಳೆಲ್ಲ ನಮ್ಮ ಹೊಲದ ಬೇವಿನ ಮರಕ್ಕೆ ಬಂದು ಕುಳಿತು ಟೊಂಗೆ ನೆಲಕ್ಕೆ ತಾಗಿತ್ತು. ಒಂದಾದರೂ ಕೆಳಗಿಳಿಯಬೇಕೇ! ಕಾಗೆ ಮುಟ್ಟಲಿಲ್ಲವೆಂದರೆ ಸತ್ತವರ ಜೀವ ಎಲ್ಲೋ ಸಿಕ್ಕಿಕೊಂಡು ನಿಂತಿದೆ ಎಂದೇ ಅರ್ಥ. ಅದನ್ನು ಹುಡುಕಿ ಬಿಡಿಸುವವರೆಗೆ ಅವರಿಗೆ ಅನ್ನವೂ ಇಲ್ಲ, ಮುಂದಿನ ದಾರಿಯೂ ಇಲ್ಲ.

ಒಬ್ಬೊಬ್ಬರಾಗಿ ಎಡೆಯ ಮುಂದೆ ಕೈಮುಗಿದು ಮಾತು ಕೊಟ್ಟರು.

“ಅಪ್ಪಾ, ಕಬ್ಬಿನ ಹೊಲಾ ಮಾರೂದಿಲ್ಲ,” ಎಂದ ಮಗ ಮಲ್ಲೇಶ. ಕಾಗೆ ಕದಲಲಿಲ್ಲ.

“ಧರೆಪ್ಪಣ್ಣಾ, ಶಿವಗಂಗವ್ವನ್ನ ನಾವು ನೋಡ್ಕೋತೀವಿ. ಉಣ್ಣೋ ನಮ್ಮಪ್ಪಾ,” ಎಂದಳು ಪಕ್ಕದ ಮನೆಯ ಕೆಂಪವ್ವ.

“ನನ್ನ ಚಿಂತೀಗೆ ಊಟಾ ಬಿಡೂ ಮನಶ್ಯಾರಲ್ಲಬೇ ಅವರು,” ಎಂದೆ. ಅಳುತ್ತಿದ್ದವರೂ ನಕ್ಕರು. ಕಾಗೆ ಮಾತ್ರ ನಗಲಿಲ್ಲ.

ಅಂದು ಸಂಜೆ ಹಾಲ್ಟಿನ ಕಡೆಯಿಂದ ಹಳಿ ಬಾರಿಸಿದ ಸಪ್ಪಳ ಕೇಳಿತು. ಠಣ್, ಠಣ್. ತಂಬಿಗೆ ಅಲ್ಲೇ ಇಟ್ಟು ಬಾಗಿಲಿಗೆ ಬಂದೆ.

ಹಾಲ್ಟ್ ಎಂದರೆ ನಮ್ಮೂರ ರೈಲು ನಿಲ್ದಾಣ. ಕಬ್ಬಿನ ನಡುವೆ ಒಂದು ಗಿಡ್ಡ ಕಟ್ಟೆ, ಒಂದು ಕೋಣೆ, ಒಂದು ಬೋರ್ಡು. ಅಲ್ಲಿ ಸ್ಟೇಷನ್ ಮಾಸ್ತರರಿಲ್ಲ; ಊರವರೇ ಒಬ್ಬರು ಕಮಿಷನ್ ಮೇಲೆ ತಿಕೀಟು ಮಾರಬೇಕು. ನಮ್ಮವರು ಮೀಸೆ ಮೂಡಿದಾಗಿನಿಂದ ಆ ಕಿಟಕಿಯಲ್ಲಿ ಕುಳಿತವರು. ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂದದ್ದು, ಒಂಟಿ ಹಳಿ ಜೋಡಿಯಾದದ್ದು, ಎಲ್ಲವನ್ನೂ ಅಲ್ಲಿಂದಲೇ ನೋಡಿದರು. ಮಿರಜದ ದವಾಖಾನೆಗೆ ಹೊರಟ ಬಸುರಿಯರು, ಕುಡಚಿಗೆ ಹೊರಟ ಬದನೆಕಾಯಿ ಬುಟ್ಟಿಗಳು, ಅತ್ತು ಅತ್ತು ಗಾಡಿಯನ್ನೇ ತೋಯಿಸುತ್ತಿದ್ದ ಮದುವಣಗಿತ್ತಿಯರು, ಯಾರನ್ನೂ ಬಿಟ್ಟು ಗಾಡಿ ಹೋಗಲು ಅವರು ಬಿಡುತ್ತಿರಲಿಲ್ಲ. ಮರಕ್ಕೆ ತೂಗುಹಾಕಿದ್ದ ಹಳಿಯ ತುಂಡನ್ನು ಬಾರಿಸಿ ಊರಿಗೆಲ್ಲ ಗಾಡಿ ಬಂತೆಂದು ತಿಳಿಸುತ್ತಿದ್ದರು. ಆಮೇಲೆ “ಎಲ್ಲಾರೂ ಹತ್ತಿದ್ರೇನ್ರಿ?” ಎಂದು ಒಂದು ಕೂಗು. ಆ ಕೂಗಿಗೆ ದಿಗ್ಗೇವಾಡಿಯಲ್ಲಿ ಮಲಗಿದ ಎಮ್ಮೆಗಳೂ ಎದ್ದು ನಿಲ್ಲುತ್ತಿದ್ದವು. ಸಂಜೆಯ ಪ್ಯಾಸೆಂಜರ್ ಬಿಟ್ಟ ಮೇಲೆಯೇ ಅವರ ಊಟ. ದೇವರೇ ಬಂದು ಬಡಿಸಿದರೂ ಅದಕ್ಕೆ ಮೊದಲು ತುತ್ತು ಮುಟ್ಟುತ್ತಿರಲಿಲ್ಲ.

ಕೊರೊನಾದಲ್ಲಿ ನಿಂತುಹೋದ ಗಾಡಿ ಮತ್ತೆ ಓಡತೊಡಗಿತು. ನಮ್ಮಲ್ಲಿ ನಿಲ್ಲುವುದನ್ನು ಮಾತ್ರ ಬಿಟ್ಟಿತು. ಕೋಣೆಗೆ ಬೀಗ ಬಿತ್ತು. ಹಳಿಯ ತುಂಡನ್ನು ಯಾರೋ ಕದ್ದು ಗುಜರಿಗೆ ಹಾಕಿದರು. ಆದರೂ ನಮ್ಮವರು ದಿನಾ ಸಂಜೆ ಹೋಗಿ ಕಟ್ಟೆಯ ಮೇಲೆ ನಿಂತು ಬರುತ್ತಿದ್ದರು. “ಇವತ್ತೂ ಗಾಡಿ ಬಿಡಲಿಲ್ಲ” ಎಂದು ಅರ್ಧ ರೊಟ್ಟಿ ಮುರಿದು ಏಳುತ್ತಿದ್ದರು.

ಈಗ ಆ ಇಲ್ಲದ ಹಳಿ ದಿನಾ ಸಂಜೆ ಬಾರಿಸತೊಡಗಿತು. ಒಂದು ಸಂಜೆ ಕೆಂಪವ್ವ ಓಡಿ ಬಂದಳು.

“ಯವ್ವಾ, ನಿನಗೂ ಕೇಳಸ್ತೇನಬೇ?”

“ಕೇಳಸ್ತು. ಬದುಕಿದ್ದಾಗೂ ಮನ್ಯಾಗ ಕುಂಡರ್ಲಿಲ್ಲ, ಈಗ ಕುಂಡರ್ತಾರೇನು?”

“ಚಾಷ್ಟಿ, ನಗಿ ಸಾಕು. ಅಂವಾ ಉಣ್ಣೂದು ಯಾವಾಗಿತ್ತು? ನೀವು ಎಡಿ ಇಟ್ಟಿದ್ದು ಯಾವಾಗ?”

ನಾವು ಎಡೆ ಇಟ್ಟದ್ದು ಬೆಳಿಗ್ಗೆ, ಹೊಲದಲ್ಲಿ. ಅವರಿದ್ದದ್ದು ಹಾಲ್ಟಿನಲ್ಲಿ. ಗಾಡಿಯಂತೂ ಬಿಟ್ಟೇ ಇರಲಿಲ್ಲ.

ಮರುದಿನ ಮತ್ತೆ ಹುಗ್ಗಿ ಮಾಡಿ, ಎಡೆ ಹೊತ್ತು ಹಾಲ್ಟಿಗೆ ಹೋದೆವು. ಹೊತ್ತು ಮುಳುಗುವುದರಲ್ಲಿತ್ತು. ಬೋರ್ಡಿನ ಮೇಲೆ ಒಂದೇ ಕಾಗೆ. ಕಿಟಕಿಯ ಕೆಳಗೆ ಬಾಳೆ ಎಲೆ ಹಾಸಿ ಬಡಿಸಿ ಹಿಂದೆ ಸರಿದು ಕುಳಿತೆವು. ಮರದಲ್ಲಿ ಬರೀ ತಂತಿ ಜೋತುಬಿದ್ದಿತ್ತು. ಗಾಳಿ ಇರಲಿಲ್ಲ. ಆ ತಂತಿ ನಡುಗಿತು. ಠಣ್, ಠಣ್.

ಮಲ್ಲೇಶ ನನ್ನ ಸೆರಗು ಹಿಡಿದುಕೊಂಡ. ನಾಲ್ವತ್ತು ದಾಟಿದ ಗಂಡಸು!

ಗಾಡಿ ಬಂತು. ಬಂದು ನಿಂತಿತು. ಮುಂದಿನ ಸಿಗ್ನಲ್ ಕೆಂಪಿತ್ತು ಎಂದು ಮಲ್ಲೇಶ ಈಗಲೂ ಹೇಳುತ್ತಾನೆ, ಇರಲಿ. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಕಾಗೆ ಎಲೆಯ ಕಡೆ ತಿರುಗಲೇ ಇಲ್ಲ. ಅದು ಗಾಡಿಯ ತೆರೆದ ಬಾಗಿಲನ್ನೇ ನೋಡುತ್ತಿತ್ತು. ನಮ್ಮವರು ಹಾಗೆಯೇ ಕತ್ತು ವಾರೆ ಮಾಡಿ ನೋಡುತ್ತಿದ್ದರು, ಓಡಿ ಬರುವವರು ಇನ್ನೂ ಯಾರಾದರೂ ಇದ್ದಾರೆಯೇ ಎಂದು.

ನನಗೆ ಆಗ ತಿಳಿಯಿತು. ಹತ್ತುವವರು ಇಲ್ಲದೆ ಅವರು ಗಾಡಿ ಬಿಡುವವರಲ್ಲ.

ಮೊಣಕಾಲು ಹಿಡಿದುಕೊಂಡು ಎದ್ದೆ. “ಅವ್ವಾ, ಎಲ್ಲಿ ಹೊಂಟಿ? ತಿಕೀಟಿಲ್ಲ!” ಎಂದು ಮಲ್ಲೇಶ ಚೀರಿದ.

“ಇಷ್ಟು ವರ್ಸ ಬಾಳೇವು ಮಾಡೀನಿ, ಒಂದ್ ಸಲಾ ಪುಕ್ಕಟ ಬಿಡ್ತಾರ ನಿಮ್ಮಪ್ಪ. ನೀ ಬೈಕ್ ತಗೊಂಡು ಕುಡಚಿಗೆ ಬಾ.”

ಸರಳು ಹಿಡಿದು ಹತ್ತಿದೆ. ಹಿಂದಿನಿಂದ ಬೆನ್ನಿಗೆ ಒಂದು ಕೈ ಆನಿಸಿ ಎತ್ತಿದಂತಾಯಿತು. ತಿರುಗಿ ನೋಡಿದರೆ ಮಲ್ಲೇಶನೂ ಕೆಂಪವ್ವನೂ ದೂರದ ಗೋಡೆಗೆ ಅಂಟಿಕೊಂಡಿದ್ದರು.

“ಎಲ್ಲಾರೂ ಹತ್ತಿದ್ರೇನ್ರಿ?”

ಬೀಗ ಹಾಕಿದ ಕೋಣೆಯ ಒಳಗಿನಿಂದ ಬಂದಿತ್ತು ಆ ಕೂಗು.

“ಹತ್ತೀನ್ರಿ,” ಎಂದೆ. “ನೀವಿನ್ನ ಉಣ್ರಿ.”

ಗಾಡಿ ಒಮ್ಮೆ ಜಗ್ಗಿ ಮುಂದೆ ಸರಿಯಿತು. ನಾನು ಬಾಗಿಲಲ್ಲೇ ಕುಳಿತು ನೋಡಿದೆ. ಕಾಗೆ ಬೋರ್ಡಿನಿಂದ ಇಳಿದು, ನಡೆಯುತ್ತಾ ಎಲೆಯ ಹತ್ತಿರ ಬಂದು, ಹುಗ್ಗಿಗೆ ಬಾಯಿ ಹಾಕಿತು.